ಚಳಿಗಡವಿನ ಸಂಜೆ ಸದ್ದು

ಫೆಬ್ರವರಿ ೨೬, ಗುರುವಾರ

ಚಾಂದ್ರಮಾನ ಹೊಸವರ್ಷಕ್ಕೆ ಬಂದಿದ್ದವರೆಲ್ಲ ಹೊರಟುಹೋದರು. ನಮ್ಮವರೂ ಮಗಳ ಜೊತೆ ನಿಂಗ್ಬೋ ನಗರಕ್ಕೆ ಹೋದರು, ಮೊಮ್ಮಗುವನ್ನು ಎತ್ತಿಕೊಂಡು ತಿರುಗಲು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಎಂಬ ಮುದುಕಿ. ಅಡುಗೆಮನೆಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು.

ಸಂಜೆ ಮಾ ಜಿಲ್ಯಾಂಗ್ ಬಂದಿದ್ದ. ಈಗ ಊರಿನ ಮುಖಂಡ. ಮಗ್ಗಿ ಬಾರದೆ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವನು. ಕುರ್ಚಿಯ ತುದಿಯಲ್ಲೇ ಕೂತು ವಿಷಯ ಹೇಳಿದ.

"ಟೀಚರ್, ಜಿಲ್ಲೆಯವರು ಕಾವ್ಯದ ಹೊಳೆಹಾದಿ ಅಂತ ಮಾಡ್ತಿದಾರೆ. ಹಳೇ ಕವಿಗಳು ದೋಣೀಲಿ ಹೋದ ದಾರೀಲೇ ಪ್ರವಾಸಿಗಳ ತೆಪ್ಪ ಬಿಡ್ತಾರಂತೆ. ಆ ಕವಿಗಳು ಹೆಸರಿಟ್ಟ ಎಂಟು ನೋಟ ಪೂರ್ತಿ ಇರೋ ಊರಲ್ಲಿ ಮಾತ್ರ ನಿಲ್ಸೋದಂತೆ."

"ನಮ್ಮೂರಿಗೆ ಎಂಟಿದೆಯಲ್ಲ."

"ಏಳಿದೆ ಟೀಚರ್. ಎಂಟನೇದಕ್ಕೆ ಬರೀ ಹೆಸರಿದೆ."

ಅದು ನಿಜ. ಈ ಹೊಳೆಯ ದಂಡೆಯಲ್ಲಿ ಯಾವ ಊರಿಗಾದರೂ ಎಂಟು ನೋಟ ಇಲ್ಲದಿದ್ದರೆ ಅದು ಊರಲ್ಲ, ಬರೀ ಮನೆಗಳು. ನಮ್ಮದರಲ್ಲಿ ‘ಬೆಳ್ಳಕ್ಕಿ ಬಂಡೆಯ ಮೊದಲ ಹಿಮ’ ಇದೆ, ‘ಬಿದಿರುಗುಡ್ಡದ ಮಳೆ’ ಇದೆ, ‘ಹಳೇ ಸೇತುವೆಯ ಚಂದ್ರ’ ಇದೆ. ಕೊನೆಯದು ‘ಚಳಿಗಡವಿನ ಸಂಜೆ ಸದ್ದು’. ಊರಿನ ಹೆಸರೇ ಚಳಿಗಡವು, ಹಾಗಾಗಿ ದೋಣಿ ಕಟ್ಟುವ ಕಡವು ಎಲ್ಲಿದೆ ಎಂಬ ಅನುಮಾನವಿಲ್ಲ. ಸದ್ದು ಯಾವುದು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಮುಂದಿನ ತಿಂಗಳ ಕೊನೆಯಲ್ಲಿ ಜಿಲ್ಲೆಯಿಂದ ಪರೀಕ್ಷಾ ತಂಡ ಬರುತ್ತದಂತೆ. ಅಷ್ಟರೊಳಗೆ ಸದ್ದನ್ನು ಹುಡುಕಿಕೊಡಬೇಕು, ವಿವರಣೆ ಬರೆದುಕೊಡಬೇಕು. ನಾನು ಒಪ್ಪಿದೆ. ಈ ಊರಿನ ಶಾಲೆಗೆ ನಾನೇ ಬೀಗ ಹಾಕಿದ್ದು, ಮಕ್ಕಳಿಲ್ಲ ಎಂದು. ಊರಿಗೂ ಬೀಗ ಹಾಕುವುದನ್ನು ನೋಡಿಕೊಂಡು ಕೂರುವವಳು ನಾನಲ್ಲ. ತೆಪ್ಪ ನಿಂತರೆ ಜನ ಇಳಿಯುತ್ತಾರೆ, ಜನ ಇಳಿದರೆ ಅಂಗಡಿ ತೆರೆಯುತ್ತದೆ, ಅಂಗಡಿ ತೆರೆದರೆ ಹೋದವರಲ್ಲಿ ನಾಲ್ಕು ಜನವಾದರೂ ವಾಪಸು ಬರುತ್ತಾರೆ. ಇದು ಕಷ್ಟದ ಲೆಕ್ಕವೇನಲ್ಲ.

ಅವನು ಕಡವಿನ ನಕ್ಷೆಯನ್ನೂ ತೋರಿಸಿದ. ಪಾಚಿ ಹಿಡಿದ ಹಳೇ ಕಲ್ಲುಮೆಟ್ಟಿಲುಗಳ ಮೇಲೆ ಮರದ ಹಲಗೆ ಹೊದಿಸಿ, ಕಂಬಿ ಹಾಕಿ, ಚೆಂದದ ನಡೆದಾರಿ. ಅದಕ್ಕೂ ಒಪ್ಪಿಗೆ ಕೊಟ್ಟೆ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಕೆಳಗಿನಿಂದ ದಬ್ ದಬ್ ಎಂದು ಕೇಳುತ್ತಿತ್ತು. ಮುದುಕಿ ಅದೇ ಮೆಟ್ಟಿಲ ಮೇಲೆ ಕೂತು ಮರದ ಬಡಿಗೆಯಲ್ಲಿ ಬಟ್ಟೆ ಬಡಿಯುತ್ತಿದ್ದಳು. ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ.

"ಅಜ್ಜಿ ಇನ್ನೂ ಹೊಳೇಲೇ ಒಗೀತಾರಾ?" ಎಂದು ಜಿಲ್ಯಾಂಗ್ ನಕ್ಕ. ನನಗೆ ಮುಖ ಬಿಸಿಯಾಯಿತು.

ಮಾರ್ಚ್ ೧, ಭಾನುವಾರ

ಊರಿನ ಮುದುಕರು ಸೇರುವ ಹಿರಿಯರ ಮನೆಗೆ ಹೋಗಿ ಇಸ್ಪೀಟು ಆಡುತ್ತಿದ್ದವರನ್ನೆಲ್ಲ ವಿಚಾರಿಸಿದೆ. ಒಬ್ಬರು ಹೆಬ್ಬಾತುಗಳ ಕೂಗು ಎಂದರು. ಇನ್ನೊಬ್ಬರು ನೀರಗಿರಣಿ ಎಂದರು. ಮೂರನೆಯವರು, ಕಡವಿನಲ್ಲಿ ಹೆಂಡದಂಗಡಿ ಇತ್ತು, ಕುಡಿದ ಕವಿಗಳು ಬೀಳುತ್ತಿದ್ದ ಸದ್ದು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬರೆದುಕೊಳ್ಳಲಿಲ್ಲ.

ನನ್ನ ತೀರ್ಮಾನ ಗಂಟೆ. ಸಂಜೆ, ಹೊಳೆ, ದೋಣಿಯಲ್ಲಿ ಒಬ್ಬ ಕವಿ. ಅವನಿಗೆ ಬೇಕಾದದ್ದು ಗುಡಿಯ ಗಂಟೆಯೇ. ಕಡವಿನ ಹತ್ತಿರ ಗುಡಿ ಇತ್ತು ಎಂದು ಯಾರೂ ಕೇಳಿಲ್ಲ, ನಿಜ. ಇರಲಿಲ್ಲ ಎಂದೂ ಯಾರೂ ಕೇಳಿಲ್ಲ. ಜಿಲ್ಯಾಂಗ್‌ಗೆ ಹೇಳಿ ಒಳ್ಳೆಯ ಗಂಟೆಯ ಧ್ವನಿಮುದ್ರಣ ತರಿಸುತ್ತಿದ್ದೇನೆ. ದಂಡೆಯ ಹಳೇ ಮರದ ಪೊಟರೆಯಲ್ಲಿ ಸ್ಪೀಕರ್ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಕೆಲಸ ಮುಕ್ಕಾಲು ಮುಗಿದ ಹಾಗೆ.

ಮಾರ್ಚ್ ೫, ಗುರುವಾರ. ಹುಳುಗಳು ಏಳುವ ದಿನ

ಪಂಚಾಂಗದ ಪ್ರಕಾರ ಇವತ್ತು ನೆಲದೊಳಗಿನ ಹುಳುಗಳು ಎಚ್ಚರವಾಗಬೇಕು. ಮೊದಲು ಎಚ್ಚರವಾದದ್ದು ಮುದುಕಿಯ ನಾಲಿಗೆ.

ಊರಿನ ಸೂಚನಾ ಫಲಕದಲ್ಲಿ ಪ್ರಕಟಣೆ ಹಚ್ಚಿದ್ದಾರೆ: ತಂಡ ಬಂದು ಹೋಗುವವರೆಗೆ ಹೊಳೆಯಲ್ಲಿ ಬಟ್ಟೆ ಒಗೆಯಬಾರದು, ಆಮೇಲೆ ಮೆಟ್ಟಿಲು ಮುಚ್ಚಲಾಗುವುದು. ಬರೆದುಕೊಟ್ಟವಳು ನಾನೇ. ಓದಿ ಹೇಳಿದವಳೂ ನಾನೇ, ಅವಳಿಗೆ ಅಕ್ಷರ ಬಾರದು.

"ಮೆಟ್ಟಿಲು ಮುಚ್ಚಿದ್ರೆ ನೀರಿಗೆ ಹ್ಯಾಗೆ ಇಳಿಯೋದು?" ಎಂದಳು.

"ಇಳಿಯೋದೇ ಬೇಡ ಅತ್ತೆ. ಮೇಲೆ ನಿಂತು ನೋಡೋದು."

"ಹೊಳೇಲಿ ನೋಡೋಕೆ ಏನಿದೆ?"

"ಜನ ದುಡ್ಡು ಕೊಟ್ಟು ನೋಡೋಕೆ ಬರ್ತಾರೆ. ನೀವು ಒಳಚಡ್ಡಿವರೆಗೂ ಅಲ್ಲಿ ಹರಡಿಕೊಂಡು ಬಡೀತಾ ಕೂತ್ರೆ ಏನಂದುಕೊಳ್ತಾರೆ?"

"ಈ ಮನೇಲಿ ಜನ ಒಳಚಡ್ಡಿ ಒಗ್ದು ಹಾಕ್ಕೊಳ್ತಾರೆ ಅಂದ್ಕೊಳ್ತಾರೆ, ಟೀಚರಮ್ಮ."

ಮೂವತ್ತೈದು ವರ್ಷದಿಂದ ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಾಳೆ. ಹೆಸರು ಸುಚಿನ್ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಮೆಷಿನ್ ಇದೆಯಲ್ಲ ಎಂದರೆ, "ಅದು ಕುಣಿಯುತ್ತೆ, ಒಗೆಯಲ್ಲ" ಎಂಬ ಉತ್ತರ. ಅವಳೊಡನೆ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಮಲಗಿದ್ದಾಗ ಬಡಿಗೆಯನ್ನು ತೆಗೆದು ಅಕ್ಕಿಯ ಹಂಡೆಯ ಹಿಂದೆ ಬಚ್ಚಿಟ್ಟೆ.

ಮಾರ್ಚ್ ೬, ಶುಕ್ರವಾರ

ಲಟ್ಟಣಿಗೆಯಲ್ಲಿ ಬಡಿದಳು. ಅದೇ ಲಟ್ಟಣಿಗೆಯಲ್ಲಿ ರಾತ್ರಿಯ ಊಟಕ್ಕೆ ಹಿಟ್ಟು ಲಟ್ಟಿಸಿದಳು. ಬಡಿಗೆ ವಾಪಸು ಕೊಟ್ಟೆ.

ಮಾರ್ಚ್ ೧೧, ಬುಧವಾರ

ತಂಡವನ್ನು ತೆಪ್ಪದಲ್ಲಿ ಕರೆತರುವವನು ತೋಂಗ್ ಗೆನ್‌ಫಾ. ಹೊಳೆಯಲ್ಲಿ ಉಳಿದಿರುವ ಒಬ್ಬನೇ ಹಳೇ ತೆಪ್ಪದವನು. ನನ್ನ ವಿವರಣೆ ಎಷ್ಟು ಉದ್ದವಿರಬೇಕು ಎಂದು ತಿಳಿಯಲು ಇವತ್ತು ಅವನ ಜೊತೆ ಮೇಲಿನ ಊರಿಂದ ನಮ್ಮ ಕಡವಿನವರೆಗೆ ಬಂದೆ. ಬಿದಿರಿನ ತೆಪ್ಪ, ಮೇಲೆ ಎರಡು ಬೆತ್ತದ ಕುರ್ಚಿ. ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾ ಬಂದೆ. ಗೆನ್‌ಫಾ ಉದ್ದನೆಯ ಗಳ ಊರುತ್ತಾ ಕೇಳಿಸಿಕೊಂಡ.

"ಹೆಂಗಿದೆ?" ಎಂದೆ.

"ಚೆನ್ನಾಗಿದೆ ಟೀಚರ್. ಉಸಿರು ತಗೊಳ್ಳೋಕೆ ಜಾಗ ಇದ್ರೆ ಇನ್ನೂ ಚೆನ್ನಾಗಿರ್ತಿತ್ತು."

ತಿರುವಿಗೆ ಬಂದಾಗ ಸಂಜೆಯಾಗಿತ್ತು. ಬೆಳ್ಳಕ್ಕಿ ಬಂಡೆಯ ಕೆಳಗೆ ನೀರು ಸದ್ದಿಲ್ಲದೆ ಹರಿಯುತ್ತದೆ. ಅಲ್ಲಿ ಒಂದು ಸದ್ದು ಕೇಳಿತು. ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಎರಡು. ಪ್ರತಿಯೊಂದನ್ನೂ ಬಂಡೆ ಇನ್ನೊಮ್ಮೆ ಹೇಳುತ್ತಿತ್ತು. ನೀರಿನ ಮೇಲೆ ಬಂದದ್ದಕ್ಕೋ ಏನೋ, ಕಲ್ಲಿನ ಮೇಲೆ ಮರ ಹೊಡೆದ ಹಾಗೆ ಇರಲಿಲ್ಲ, ದುಂಡಗಿತ್ತು.

"ಯಾವ ಹಕ್ಕಿ ಅದು?" ಎಂದೆ.

ಗೆನ್‌ಫಾ ನಕ್ಕ ರಭಸಕ್ಕೆ ಗಳ ಜಾರಿತು. "ನಿಮ್ಮ ಅತ್ತೆ ಟೀಚರ್."

ಆಮೇಲೆ ಹೇಳಿದ. ರಸ್ತೆ ಆಗುವ ಮೊದಲು ಬಿದಿರು, ಚಹಾ, ಇದ್ದಿಲು ಎಲ್ಲ ತೆಪ್ಪದಲ್ಲೇ ಹೋಗುತ್ತಿತ್ತು. ಚಳಿಗಾಲದ ಕೊನೆಯಲ್ಲಿ ಸಂಜೆ ಮಂಜು ಇಳಿದರೆ ಕೈಗೆ ಕೈ ಕಾಣದು. ಕಡವು ತಪ್ಪಿದರೆ ಮುಂದೆ ಒಡ್ಡು, ಒಡ್ಡಿನಿಂದ ಕೆಳಗೆ ಬಿದ್ದರೆ ಮುಗಿಯಿತು. ಅದಕ್ಕೇ ಹೆಂಗಸರು ಬಟ್ಟೆ ಒಗೆಯುವುದನ್ನು ಸಂಜೆಗೆ ಇಟ್ಟುಕೊಂಡಿದ್ದರು. ಗಂಡಸರು ಸದ್ದು ಹಿಡಿದು ಬಂದು ತೆಪ್ಪ ಕಟ್ಟುತ್ತಿದ್ದರು. ಒಬ್ಬೊಬ್ಬಳದು ಒಂದೊಂದು ಬಡಿತ.

"ನಿಮ್ಮ ಮಾವ ಹತ್ತು ಬಡಿಗೆ ಒಟ್ಟಿಗೆ ಬಿದ್ರೂ ತಮ್ಮನೇದು ಯಾವುದು ಅಂತ ಹೇಳೋರು. ಎರಡು ಹೊಡ್ದು ಒಂದು ಬಿಡ್ತಾರಲ್ಲ, ಅದು. ಬಂಡೆ ಆಡೋ ಸದ್ದು ಯಾವುದು, ನಿಜವಾದ್ದು ಯಾವುದು ಅಂತಾನೂ ಅವರೇ ನಂಗೆ ಕಲಿಸಿದ್ದು."

ಮಾವ ಒಡ್ಡಿಗೆ ಬೀಳಲಿಲ್ಲ, ಏನೂ ಆಗಲಿಲ್ಲ. ವಯಸ್ಸಾಗಿ ತಮ್ಮ ಹಾಸಿಗೆಯಲ್ಲೇ ಹೋದರು, ನಾನೇ ಗಂಜಿ ಕುಡಿಸಿದ್ದೆ. ಈ ಬಡಿತದ ವಿಷಯ ಅವರೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ತಿರುವು ದಾಟಿದರೆ ನಮ್ಮೂರು. ನಾನು ಮದುವೆಯಾಗಿ ಬಂದದ್ದು ಬಸ್ಸಿನಲ್ಲಿ. ಊರನ್ನು ನೀರಿನಿಂದ ಇವತ್ತೇ ಮೊದಲು ನೋಡಿದ್ದು. ಬಿಳಿ ಗೋಡೆ, ಕರಿ ಹೆಂಚು, ನಮ್ಮ ಮನೆಯ ಹೊಗೆ. ಕೆಳಗೆ ಮೆಟ್ಟಿಲ ಮೇಲೆ ನೀಲಿ ಅಂಗಿಯ ಒಂದು ಚುಕ್ಕೆ, ಕೈ ಎತ್ತಿ ಇಳಿಸುತ್ತಿತ್ತು. ಇಷ್ಟು ಚಿಕ್ಕವಳು ಎಂದು ಮನೆಯೊಳಗೆ ತಿಳಿಯುವುದಿಲ್ಲ.

ಗಂಟೆಗೆ ಇದು ಅಡ್ಡ ಬರುತ್ತದೆ. ಏನಾದರೂ ಮಾಡಬೇಕು.

ಮಾರ್ಚ್ ೧೨, ಗುರುವಾರ

ಊಟಕ್ಕೆ ಕಳಲೆ ಮತ್ತು ಒಣಗಿಸಿದ ಸಾಸಿವೆ ಸೊಪ್ಪು. ಕೇಳಿದೆ.

"ಅತ್ತೆ, ಮಾವನವರು ನಿಮ್ಮ ಬಡಿತ ಗುರುತು ಹಿಡೀತಿದ್ರಂತೆ?"

"ಯಾರಂದ್ರು?"

"ಗೆನ್‌ಫಾ."

"ಅವ್ನಿಗೆ ಬಾಯಿ ಜಾಸ್ತಿ." ಸ್ವಲ್ಪ ಹೊತ್ತು ಸೊಪ್ಪು ಅಗಿದಳು. "ಮದುವೆ ಆದ ಹೊಸತ್ರಲ್ಲಿ ಎಲ್ರ ಹಾಗೇ ಬಡೀತಿದ್ದೆ. ಒಂದಿನ ನಿಮ್ಮ ಮಾವ ಪಕ್ಕದ ಮನೆಯೋಳ ಸದ್ದು ಹಿಡ್ಕೊಂಡು ಬಂದು, ಆ ಕಡೆ ಕಟ್ಟಿದ್ರು. ಎಲ್ರೂ ನಕ್ರು. ಆವತ್ತಿಂದ ಒಂದು ಬಿಟ್ಟು ಹೊಡ್ದೆ."

"ಈಗ್ಯಾಕೆ ಸಂಜೇನೇ ಬಡೀತೀರಿ? ಈಗ ಯಾರು ಬರಬೇಕು?"

"ಬಟ್ಟೆ ಕೊಳೆ ಆಗುತ್ತೆ, ಬಡೀತೀನಿ. ಇನ್ನೂ ಸ್ವಲ್ಪ ಕಳಲೆ ಹಾಕು."

ಹಾಕಿದೆ. ಆ ಮೆಟ್ಟಿಲಿಗೇ ಮದುವಣಗಿತ್ತಿಯಾಗಿ ದೋಣಿಯಿಂದ ಇಳಿದದ್ದು ಎಂದೂ ಹೇಳಿದಳು. ಮೂರನೆಯ ಮೆಟ್ಟಿಲು ಆಗಲೂ ಅಲ್ಲಾಡುತ್ತಿತ್ತಂತೆ.

ಮಾರ್ಚ್ ೧೩, ಶುಕ್ರವಾರ

ಗಂಟೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಬೆಳಿಗ್ಗೆಯೇ ಜಿಲ್ಯಾಂಗ್‌ನನ್ನು ಕರೆಸಿ ಸ್ಪೀಕರ್ ಬೇಡವೆಂದು ಹೇಳಿದೆ.

"ಚಳಿಗಡವಿನ ಸಂಜೆ ಸದ್ದು ಅಂದ್ರೆ ಬಟ್ಟೆ ಬಡಿಯೋ ಸದ್ದು. ಇದು ನನ್ನ ನಿರ್ಧಾರ."

ಅವನು ತಲೆ ಕೆರೆದುಕೊಂಡ. "ಟೀಚರ್, ಬಟ್ಟೆ ಒಗೀಬಾರ್ದು ಅಂತ ಫಲಕದಲ್ಲಿ ನೀವೇ ಹಾಕಿಸಿದ್ದೀರಲ್ಲ."

"ಹರಿದು ಹಾಕು."

"ಮೆಟ್ಟಿಲಿಗೆ ಹಲಗೆ ಬಂದು ಬಿದ್ದಿದೆ. ಕೆಲಸದವರಿಗೂ ಹೇಳಿಯಾಗಿದೆ."

"ಮೆಟ್ಟಿಲು ಮುಚ್ಚಿದ ಮೇಲೆ ಎಲ್ಲಿ ಬಡಿಯೋದು, ನಿನ್ನ ಬೆನ್ನ ಮೇಲಾ?"

ಅವನ ಕಷ್ಟ ನನಗೆ ಅರ್ಥವಾಗುತ್ತದೆ. ನಕ್ಷೆ ಮಾಡಿದವರು ಜಿಲ್ಲೆಯವರು. ಕೊನೆಗೆ ಹೀಗೆ ಒಪ್ಪಂದವಾಯಿತು: ತಂಡ ತೆಪ್ಪದಲ್ಲಿ ಬಂದು ಆ ಸದ್ದನ್ನು ಕೇಳಿ, ಇದೇ ಎಂಟನೆಯ ನೋಟ ಎಂದು ಒಪ್ಪಿದರೆ ಮೆಟ್ಟಿಲು ಉಳಿಯುತ್ತದೆ, ತೆಪ್ಪವೂ ನಿಲ್ಲುತ್ತದೆ. ಒಪ್ಪದಿದ್ದರೆ ಎರಡೂ ಇಲ್ಲ. ಸಮಾಧಿ ಗುಡಿಸುವ ಹಬ್ಬ ಕಳೆದ ಕೂಡಲೇ ಹಲಗೆ ಹೊಡೆಯುತ್ತಾರೆ.

ಒಪ್ಪುತ್ತಾರೆ. ಆ ತಿರುವಿನಲ್ಲಿ ಅದನ್ನು ಕೇಳಿದವರು ಒಪ್ಪದೇ ಇರುವುದು ಸಾಧ್ಯವಿಲ್ಲ.

ಮಾರ್ಚ್ ೨೦, ಶುಕ್ರವಾರ. ಹಗಲಿರುಳು ಸಮ

ಇವತ್ತು ಅತ್ತೆಗೆ ವಿಷಯ ತಿಳಿಸಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಹೊಸ ನೀಲಿ ಅಂಗಿಯನ್ನೂ ತಂದಿಟ್ಟಿದ್ದೆ.

"ಮುಂದಿನ ಶುಕ್ರವಾರ ಸಂಜೆ ತಂಡ ಬರುತ್ತೆ ಅತ್ತೆ. ಅವತ್ತು ನೀವು ಚೆನ್ನಾಗಿ ಬಡೀಬೇಕು."

"ಮುಂದಿನ ಶುಕ್ರವಾರ ಏನು ಕೊಳೆ ಇರುತ್ತೆ ಅಂತ ಈಗ್ಲೇ ಹ್ಯಾಗೆ ಗೊತ್ತು?"

"ಕೊಳೆ ಇಲ್ದಿದ್ರೂ ಪರ್ವಾಗಿಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಒಗ್ದ ಬಟ್ಟೇನ ಮತ್ತೆ ಬಡೀಬೇಕಾ? ಅಧಿಕಾರಿಗಳು ನೋಡ್ಲಿ ಅಂತ? ನಾನೇನು ನಾಟಕದ ಹೆಣ್ಣಾ, ಬಣ್ಣ ಬಳ್ಕೊಂಡು ಕೂರೋಕೆ?"

"ಮೆಟ್ಟಿಲು ಉಳೀಬೇಕೋ ಬೇಡ್ವೋ?"

"ಉಳೀಬೇಕು. ಸುಳ್ಳು ಬಡಿಯಲ್ಲ."

ವಾದ ಮಾಡಿದೆ, ಬೇಡಿಕೊಂಡೆ, ನಿಂಗ್ಬೋಗೆ ಫೋನು ಮಾಡಿ ನಮ್ಮವರಿಂದಲೂ ಹೇಳಿಸಿದೆ. ಮಗನಿಗೆ, "ಮಗು ಹಾಲು ಕುಡೀತಾ?" ಎಂದು ಕೇಳಿ ಫೋನು ಇಟ್ಟರು. ಕೆಲವರಿಗೆ ತಮ್ಮ ಒಳ್ಳೆಯದೇ ತಿಳಿಯುವುದಿಲ್ಲ.

ಹಾಗಾದರೆ ನಾನೇ ಬಡಿಯುತ್ತೇನೆ. ಇದರಲ್ಲಿ ಕಲಿಯುವುದೇನಿದೆ, ಕಲ್ಲಿದೆ, ಬಟ್ಟೆಯಿದೆ, ಕೋಲಿದೆ. ವಿವರಣೆಯನ್ನು ಜಿಲ್ಯಾಂಗ್ ಓದಲಿ.

ಮಾರ್ಚ್ ೨೨, ಭಾನುವಾರ

ಕಲಿಯುವುದು ಸ್ವಲ್ಪ ಇದೆ. ಬಲವಾಗಿ ಹೊಡೆದರೆ ನೀರು ಮುಖಕ್ಕೆ ಹಾರುತ್ತದೆ, ಮೆಲ್ಲಗೆ ಹೊಡೆದರೆ ಸದ್ದು ಬಂಡೆ ಮುಟ್ಟುವುದಿಲ್ಲ. ಬಟ್ಟೆಯನ್ನು ಎಷ್ಟು ಮಡಿಸಬೇಕು ಎಂಬುದೇ ಒಂದು ವಿದ್ಯೆ. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು.

"ಟೀಚರಮ್ಮ, ಅದು ಬಟ್ಟೆ. ಮಗ್ಗಿ ತಪ್ಪಿದ ಹುಡುಗ ಅಲ್ಲ."

ಎರಡು ಹೊಡೆದು ಒಂದು ಬಿಡಲು ನೋಡಿದೆ, ಪ್ರತಿ ಸಲ ಮೂರಾಗುತ್ತದೆ. ಕೈ ತಡೆಯುವುದಿಲ್ಲ.

ಮಾರ್ಚ್ ೨೪, ಮಂಗಳವಾರ

ಅಂಗೈಯಲ್ಲಿ ಬೊಬ್ಬೆ. ಪೆನ್ನು ಹಿಡಿಯಲು ಕಷ್ಟ. ಅತ್ತೆ ಚಹಾಬೀಜದ ಎಣ್ಣೆ ಹಚ್ಚಿದರು. ಮೆಷಿನ್‌ಗೆ ನಾಲ್ಕು ದಿನದಿಂದ ಕೆಲಸವಿಲ್ಲ.

ಮಾರ್ಚ್ ೨೮, ಶನಿವಾರ, ಬೆಳಿಗ್ಗೆ

ನಿನ್ನೆ ಬರೆಯಲು ಕೈಯಲ್ಲಿ ಶಕ್ತಿ ಇರಲಿಲ್ಲ. ಇವತ್ತೂ ಹೆಚ್ಚಿಲ್ಲ, ಆದರೆ ನಡೆದದ್ದನ್ನು ನಡೆದ ಹಾಗೆ ಬರೆದಿಡದಿದ್ದರೆ ನಾಳೆ ಗೆನ್‌ಫಾ ತನ್ನ ರೀತಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ.

ತಂಡ ಮೇಲಿನ ಊರಿಗೆ ಕಾರಿನಲ್ಲಿ ಬಂದು, ಅಲ್ಲಿಂದ ತೆಪ್ಪ ಹತ್ತುವುದೆಂದು ಗೊತ್ತಾಗಿತ್ತು. ಜೊತೆಗೆ ಜಿಲ್ಯಾಂಗ್, ಕೈಯಲ್ಲಿ ನನ್ನ ವಿವರಣೆ. ನಾನು ಹೊಸ ನೀಲಿ ಅಂಗಿ ಹಾಕಿಕೊಂಡು ಬುಟ್ಟಿ ತುಂಬ ಬಟ್ಟೆಯೊಂದಿಗೆ ಮೆಟ್ಟಿಲಿಗೆ ಇಳಿದೆ. ಬಟ್ಟೆಯಲ್ಲಿ ನಿಜವಾಗಿ ಕೊಳೆ ಇತ್ತು. ಮೂರು ದಿನದಿಂದ ಅದಕ್ಕೆಂದೇ ಚಹಾತೋಟದಲ್ಲಿ ಕೆಲಸ ಮಾಡಿದ್ದೆ. ಅತ್ತೆ ಮನೆಯಲ್ಲೇ ಉಳಿದರು. ಬನ್ನಿ ಎಂದು ನಾನು ಕರೆಯಲೂ ಇಲ್ಲ.

ತೆಪ್ಪ ಹೊರಟಿತು ಎಂದು ಜಿಲ್ಯಾಂಗ್ ಫೋನು ಮಾಡಿದ. ಬಡಿಯಲು ಶುರುಮಾಡಿದೆ. ಸದ್ದು ಚೆನ್ನಾಗಿಯೇ ಏಳುತ್ತಿತ್ತು, ಬಂಡೆ ಮರುನುಡಿಯುತ್ತಿತ್ತು. ಆಗ ಬಿದಿರುಗುಡ್ಡದ ಕಡೆಯಿಂದ ಮಂಜು ಇಳಿಯಿತು. ಮೊದಲು ಬಂಡೆ ಹೋಯಿತು, ಆಮೇಲೆ ಎದುರು ದಂಡೆ, ಆಮೇಲೆ ನನ್ನ ಕಾಲ ಕೆಳಗಿನ ನೀರೂ ಕಾಣಲಿಲ್ಲ.

ಬಡಿಯುವುದನ್ನು ನಿಲ್ಲಿಸಿದೆ. ನೋಟ ಎಂದರೆ ನೋಡಬೇಕಲ್ಲ. ಬಿಳಿ ಗೋಡೆಯಿಲ್ಲ, ಮೆಟ್ಟಿಲಿಲ್ಲ, ನೀಲಿ ಅಂಗಿಯಿಲ್ಲ, ಹಾಳು ಮಂಜಿನಲ್ಲಿ ಅವರು ಏನು ನೋಡಿ ಏನು ಒಪ್ಪುತ್ತಾರೆ. ಒಂದು ತಿಂಗಳ ಕೆಲಸ ಹೋಯಿತು, ಮೆಟ್ಟಿಲು ಹೋಯಿತು, ಊರು ಹೋಯಿತು ಎಂದು ಒಗೆಯುವ ಕಲ್ಲಿನ ಮೇಲೆಯೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ.

ಜಿಲ್ಯಾಂಗ್‌ಗೆ ಫೋನು ಮಾಡಿದೆ. "ಎಲ್ಲಿದ್ದೀಯೋ?"

"ಗೊತ್ತಾಗ್ತಿಲ್ಲ ಟೀಚರ್. ಎಲ್ಲಾ ಕಡೆ ಬೆಳ್ಳಗಿದೆ."

ಅವನ ಧ್ವನಿ ಕೇಳಿದರೆ ಮೂರನೇ ತರಗತಿಯ ಹುಡುಗನದೇ. ಅಷ್ಟರಲ್ಲಿ ನನ್ನ ಹಿಂದೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅತ್ತೆ. ಒಂದು ಕೈ ಗೋಡೆ ಹಿಡಿದಿತ್ತು, ಇನ್ನೊಂದರಲ್ಲಿ ಲಟ್ಟಣಿಗೆ.

"ಯಾಕೆ ನಿಲ್ಲಿಸ್ದೆ?"

"ಯಾರಿಗೂ ಕಾಣ್ಸಲ್ಲ ಅತ್ತೆ. ಎಲ್ಲಾ ಮುಗೀತು."

"ಕಾಣ್ಲಿ ಅಂತ ಯಾರು ಬಡೀತಾರೆ? ನೀರ ಮೇಲೆ ಜನ ಇದಾರೆ. ಹೊಡಿ."

ಒಡ್ಡು ಆಗ ನೆನಪಾಯಿತು. ತೆಪ್ಪದಲ್ಲಿದ್ದವರು ತಂಡ ಎಂಬುದೇ ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು. ಈಜು ಬಾರದ ಜಿಲ್ಯಾಂಗ್, ಎಪ್ಪತ್ತು ದಾಟಿದ ಗೆನ್‌ಫಾ, ಯಾರದೋ ಮನೆಯ ಮೂವರು. ಎದ್ದು ಬಡಿಗೆ ಹಿಡಿದೆ. ಅತ್ತೆ ಪಕ್ಕದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಟ್ಟಿಯಿಂದ ನನ್ನ ಪ್ಯಾಂಟು ಎಳೆದುಕೊಂಡು ಲಟ್ಟಣಿಗೆಯಲ್ಲಿ ಬಡಿಯತೊಡಗಿದರು. ಅವರದು ಎರಡು, ನನ್ನದು ಮೂರು. ಒಂದಕ್ಕೊಂದು ಸೇರಲಿಲ್ಲ.

"ನನ್ನ ಹಾಗೆ ಹೊಡೀಬೇಡ," ಎಂದರು. "ನಿಂದು ನೀನು ಹೊಡಿ. ಎರಡು ಕಡೆ ಕೇಳಿದ್ರೆ ದಂಡೆ ಎಷ್ಟು ಉದ್ದ ಅಂತ ತಿಳಿಯುತ್ತೆ ಅವ್ನಿಗೆ."

ಎಷ್ಟು ಹೊತ್ತು ಬಡಿದೆವೋ. ಬೊಬ್ಬೆ ಒಡೆದು ಹಿಡಿ ಒದ್ದೆಯಾಯಿತು. ನನ್ನ ತೋಳು ಸೋತಾಗ ಅತ್ತೆ ಬಡಿಗೆಯನ್ನು ಕಿತ್ತುಕೊಂಡು ಲಟ್ಟಣಿಗೆ ನನ್ನ ಕೈಗೆ ಕೊಟ್ಟರು, ಹಗುರ ಎಂದು. ಎಂಬತ್ತಾರು ವರ್ಷದ ತೋಳು. ಒಂದು ಸಲವೂ ತಾಳ ತಪ್ಪಲಿಲ್ಲ. ನನಗೆ ಹೆದರಿಕೆಯಾಗಿತ್ತು, ಬರೆಯಲು ನಾಚಿಕೆಯೇನಿಲ್ಲ. ಪಕ್ಕದಲ್ಲಿ ಆ ಸದ್ದು ಇದ್ದದ್ದರಿಂದ ನಾನೂ ನಿಲ್ಲಿಸಲಿಲ್ಲ.

ಮೊದಲು ಕಂಡದ್ದು ಗೆನ್‌ಫಾನ ಗಳದ ತುದಿ. ಆಮೇಲೆ ಅವನ ಟೋಪಿ. ತೆಪ್ಪ ಮೆಲ್ಲಗೆ ಬಂದು ಮೂರನೆಯ ಮೆಟ್ಟಿಲಿಗೆ ತಾಗಿತು, ಮೆಟ್ಟಿಲು ಎಂದಿನಂತೆ ಅಲ್ಲಾಡಿತು. ಜಿಲ್ಯಾಂಗ್‌ನ ಕೈಯಲ್ಲಿ ನನ್ನ ವಿವರಣೆ ಒದ್ದೆಯಾಗಿ ಮುದುಡಿಹೋಗಿತ್ತು. ಒಂದು ಸಾಲೂ ಓದಿರಲಿಲ್ಲ.

ತಂಡದ ಮುಖ್ಯಸ್ಥೆ ಜು ಎಂಬ ಹೆಂಗಸು, ಕನ್ನಡಕದವರು. ಶೂ ಒದ್ದೆ ಮಾಡಿಕೊಂಡು ಕಲ್ಲಿನ ಮೇಲೆ ಇಳಿದು ಅತ್ತೆಯ ಎದುರು ನಿಂತರು.

"ಅಜ್ಜಿ, ಅದು... ನೀವಾ?"

"ನಾನು ಮತ್ತೆ ನಮ್ಮ ಸುಚಿನ್," ಎಂದರು ಅತ್ತೆ. "ಒಳಗೆ ಬನ್ನಿ. ಅಕ್ಕಿ ಶಾವಿಗೆ ಮಾಡ್ತೀನಿ, ಮೊಟ್ಟೆ ಹಾಕಿ."

ಎಲ್ಲರೂ ನಮ್ಮ ಅಡುಗೆಮನೆಯಲ್ಲಿ ಕೂತು ತಿಂದರು. ಜು ಮೇಡಂ ಎರಡನೇ ಬಟ್ಟಲು ಕೇಳಿ ಹಾಕಿಸಿಕೊಂಡರು. ಎಂಟನೇ ನೋಟದ ಬಗ್ಗೆ ಯಾರೂ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಮರೆತೇ ಹೋಗಿತ್ತು.

ಮಾರ್ಚ್ ೩೧, ಮಂಗಳವಾರ

ಜಿಲ್ಯಾಂಗ್ ಓಡಿಕೊಂಡು ಬಂದ. ಎಂಟನೆಯ ನೋಟ ಒಪ್ಪಿಗೆಯಾಯಿತು. ಮೆಟ್ಟಿಲನ್ನು ಯಾರೂ ಮುಟ್ಟಬಾರದೆಂದು ಜು ಮೇಡಂ ಬರೆದಿದ್ದಾರೆ. ಬಂದು ಬಿದ್ದಿರುವ ಹಲಗೆ ಹಿರಿಯರ ಮನೆಯ ಬೆಂಚಿಗೆ. ಹಬ್ಬ ಕಳೆದ ಮೇಲೆ ತೆಪ್ಪಗಳು ಶುರು.

"ಒಂದೇ ಒಂದು ಕೇಳ್ತಿದಾರೆ ಟೀಚರ್. ದಿನಾ ಸಂಜೆ ಐದು ಗಂಟೆಗೆ, ತೆಪ್ಪ ತಿರುವಿಗೆ ಬರೋ ಹೊತ್ತಿಗೆ ಸರಿಯಾಗಿ ಅಜ್ಜಿ ಬಡಿಯೋಕಾಗುತ್ತಾ ಅಂತ."

"ಬಟ್ಟೆ ಕೊಳೆಯಾದಾಗ ಬಡೀತಾರೆ. ನೀರ ಮೇಲೆ ಜನ ಇದ್ದು ಮಂಜು ಬಿದ್ದಾಗ ಬಡೀತಾರೆ. ಬೇರೆ ಹೊತ್ತು ಕೇಳಿಸ್ಲಿಲ್ಲ ಅಂದ್ರೆ ಉಳಿದ ಏಳು ನೋಡ್ಕೊಂಡು ಹೋಗ್ಲಿ."

"ಹಾಗೇ ಬರೆದು ಕಳಿಸ್ಲಾ?"

"ಹಾಗೇ ಬರೆದು ಕಳಿಸು."

ಈ ಮಾತಿನಲ್ಲಿ ನಾನು ಯಾವತ್ತೂ ಖಚಿತ. ನಾಟಕ ಆಡಿಸುವುದು ಬೇರೆ, ನೋಟ ಬೇರೆ. ಇಷ್ಟು ಸಣ್ಣ ವಿಷಯ ಜನಕ್ಕೆ ಯಾಕೆ ತಿಳಿಯುವುದಿಲ್ಲವೋ.

ಏಪ್ರಿಲ್ ೮, ಬುಧವಾರ

ಹಬ್ಬದ ದಿನ ಮಾವನ ಸಮಾಧಿ ಗುಡಿಸಿ ಬಂದಾಗಿನಿಂದ ಅತ್ತೆಗೆ ಕೆಮ್ಮು. ಒಲೆಯ ಮುಂದೆ ಕೂರಿಸಿದ್ದೇನೆ, ಶುಂಠಿ ಕಷಾಯ ಕೊಟ್ಟಿದ್ದೇನೆ, ಹೊರಗೆ ಕಾಲಿಡಬಾರದೆಂದು ಹೇಳಿದ್ದೇನೆ. ಸಂಜೆ ಮಂಜು ಇಳಿಯಿತು. ತಲೆಯೆತ್ತಿ ಕಿಟಕಿಯ ಕಡೆ ನೋಡಿದರು, ಬಾಯಿ ತೆರೆಯುವ ಮೊದಲೇ ನಾನು ಬುಟ್ಟಿ ಎತ್ತಿಕೊಂಡೆ.

ನನ್ನ ಕೈಗೆ ಈಗಲೂ ಎರಡಕ್ಕೆ ನಿಲ್ಲಲು ಬರುವುದಿಲ್ಲ. ಮೂರು ಹೊಡೆದು ಒಂದು ಬಿಡುತ್ತೇನೆ. ಹಾಸಿಗೆಯ ಹೊದಿಕೆ ಮುಗಿದು ಅಂಗಿಗಳಿಗೆ ಬರುವಷ್ಟರಲ್ಲಿ ಗೆನ್‌ಫಾನ ತೆಪ್ಪ ಮೆಟ್ಟಿಲಿಗೆ ತಾಗಿತು. ನಗರದವರು ನಾಲ್ಕೈದು ಜನ ಇಳಿದು ಮೇಲೆ ಹೋದರು. ಅವನು ಹಗ್ಗ ಕಟ್ಟುತ್ತಾ ಕೇಳಿದ.

"ಅಜ್ಜಿಗೆ ಹುಷಾರಿಲ್ವಾ ಟೀಚರ್?"

"ಕೆಮ್ಮು. ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು. ತಿರುವಲ್ಲೇ ಗೊತ್ತಾಯ್ತು, ಇವತ್ತು ಟೀಚರ್ ಇದಾರೆ ಅಂತ."

ಬುಟ್ಟಿ ಹೊತ್ತು ಮನೆಗೆ ಬಂದೆ. ಅತ್ತೆ ಒಲೆಗೆ ಬಿದಿರಿನ ಚಕ್ಕೆ ಹಾಕುತ್ತಿದ್ದರು. ಗೆನ್‌ಫಾ ಬಂದು ಕಟ್ಟಿದ, ಎಲ್ಲರೂ ಇಳಿದರು ಎಂದು ಹೇಳಲು ಹೋದೆ.

"ಕೇಳಿಸ್ತು, ಸುಚಿನ್," ಎಂದರು.